ಸೋವಿ ದೇಶ ಯಾವುದು? ಘೋಣಸಗಿಯಿಂದ ಹಾಕಿದ ಒಂದು ಲೆಕ್ಕ

ಘೋಣಸಗಿಯಿಂದ ಮಾತಾಡ್ತಾ ಇದೀನಿ. ಹಿಂದೆ ಏನಾದರೂ ಸಪ್ಪಳ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ. ಒಣದ್ರಾಕ್ಷಿ ಶೆಡ್ಡಿನ ಮಗ್ಗುಲಿನ ಖೋಲಿಯೇ ನಮ್ಮ ಸ್ಟುಡಿಯೊ.

ಈ ವಾರದ ಪ್ರಶ್ನೆ ಬಬಲೇಶ್ವರದಿಂದ ಬಂದಿದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋ ಒಬ್ಬ ತಮ್ಮ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. "ಅಣ್ಣಾ, ಎರಡ ವರ್ಷ ಕೂಡಿಟ್ಟು 40 ಸಾವಿರ ಮಾಡೀನಿ. ಗೆಳ್ಯಾರು ಥಾಯ್ಲೆಂಡಿಗೆ ಹೊಂಟಾರ, ನಾಲ್ಕ ರಾತ್ರಿ ಐದ ದಿನ. ಅವರ ಕೂಡ ಹೋಗಲೋ, ಇಲ್ಲಾ ಬ್ಯಾರೆ ಯಾವದರೆ ಸೋವಿ ದೇಶ ಐತೇನು?"

ಎರಡು ವರ್ಷದ ಉಳಿತಾಯ ಇದು. ಹಂಗಾಗಿ ಬರೀ ದೇಶಗಳ ಪಟ್ಟಿ ಓದಿ ಮುಗಿಸೋದಿಲ್ಲ. ಲೆಕ್ಕ ಹಾಕೋ ದಾರಿ ಹೇಳ್ತೀನಿ. ಬಿಕಾಂ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ.

ದಿನದ ಖರ್ಚು ಅರ್ಧ ಲೆಕ್ಕ ಮಾತ್ರ

ರೀಲ್‌ಗಳಲ್ಲಿ ನೋಡಿರ್ತೀರಿ: "ದಿನಕ್ಕೆ ₹1,500ರಲ್ಲಿ ವಿದೇಶ", "ಸೋವಿ ದೇಶಗಳು ಹತ್ತು". ಅದು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಆ ದೇಶದಲ್ಲಿ ಇಳಿದ ಮೇಲೆ ಊಟ, ರೂಮು, ಬಸ್ಸಿಗೆ ಎಷ್ಟು ಬೀಳುತ್ತೆ ಅನ್ನೋದು ಅದರಲ್ಲಿ ಇರುತ್ತೆ. ಅಲ್ಲಿಗೆ ಮುಟ್ಟೋ ಖರ್ಚು ಇರೋದಿಲ್ಲ.

ನಮ್ಮ ಕಡೆ ದ್ರಾಕ್ಷಿ ಬೆಳೆಯೋರಿಗೆ ಇದು ಹೊಸದಲ್ಲ. ಮಾರ್ಕೆಟ್‌ನಲ್ಲಿ ಒಣದ್ರಾಕ್ಷಿಗೆ ಕಿಲೋ ದರ ಏರಿತು ಅಂದ ಕೂಡಲೇ ಹೊಸಬರು ಕುಣೀತಾರೆ. ನಮ್ಮಪ್ಪ ಕುಣಿಯೋದಿಲ್ಲ. ಬಾಡಿಗೆ, ಹಮಾಲಿ, ಕೋಲ್ಡ್ ಸ್ಟೋರೇಜ್, ಕಮಿಷನ್ ಎಲ್ಲಾ ಕಳೆದು, "ಕೈಗೆ ಎಷ್ಟ ಬಂತು?" ಅಂತ ಒಂದೇ ಮಾತು ಕೇಳ್ತಾರೆ. ಪ್ರವಾಸದಲ್ಲೂ ಕೇಳಬೇಕಾದ್ದು ಅದೇ. ಮನೆ ಬಾಗಿಲು ಬಿಟ್ಟು ಮತ್ತೆ ಅದೇ ಬಾಗಿಲಿಗೆ ಬರೋವರೆಗೆ ಒಟ್ಟು ಎಷ್ಟು ಹೋಯಿತು, ಅಲ್ಲಿ ಎಷ್ಟು ದಿನ ಸಿಕ್ಕಿತು?

ಖರ್ಚು ಎರಡು ತರ. ಟಿಕೆಟ್, ವೀಸಾ, ವಿಮಾನ ನಿಲ್ದಾಣಕ್ಕೆ ಹೋಗಿ ಬರೋ ಖರ್ಚು ಸ್ಥಿರ ವೆಚ್ಚ. ನೀವು ಮೂರು ದಿನ ಇರಿ, ಮೂವತ್ತು ದಿನ ಇರಿ, ಅದು ಅಷ್ಟೇ. ಊಟ, ರೂಮು, ಓಡಾಟ ದಿನ ದಿನಕ್ಕೆ ಏರೋ ವೆಚ್ಚ.

ಒಂದು ಉದಾಹರಣೆ ತಗೊಳ್ಳೋಣ. ವಿಯೆಟ್ನಾಂಗೆ ಹೋಗಿಬರೋ ಟಿಕೆಟ್, ವೀಸಾ, ಮುಂಬೈವರೆಗಿನ ಬಸ್ಸು ಎಲ್ಲಾ ಸೇರಿ ₹24,000 ಅಂತ ಹಿಡಿಯಿರಿ. ಅಲ್ಲಿ ದಿನದ ಖರ್ಚು ₹1,500. ಆರು ದಿನ ಇದ್ದರೆ ಸ್ಥಿರ ವೆಚ್ಚ ದಿನಕ್ಕೆ ₹4,000 ಆಗುತ್ತೆ. ಅಂದರೆ ನಿಜವಾದ ದಿನದ ಖರ್ಚು ₹5,500. ಹನ್ನೆರಡು ದಿನ ಇದ್ದರೆ ಅದೇ ಪ್ರವಾಸ ದಿನಕ್ಕೆ ₹3,500. ದೇಶ ಅದೇ, ಟಿಕೆಟ್ ಅದೇ. ಬದಲಾಗಿದ್ದು ನೀವು ಉಳಿದ ದಿನಗಳು ಮಾತ್ರ.

ಅದಕ್ಕೇ ದೂರದ ದೇಶಕ್ಕೆ ನಾಲ್ಕು ದಿನಕ್ಕೆ ಹೋಗೋದು ಎಲ್ಲಕ್ಕಿಂತ ತುಟ್ಟಿ ಪ್ರವಾಸ, ಆ ದೇಶ ಎಷ್ಟೇ ಸೋವಿ ಇರಲಿ.

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ. ಮೂರು ವರ್ಷದ ಹಿಂದೆ ನಾನೂ "₹39,999 ಥಾಯ್ಲೆಂಡ್" ಅನ್ನೋ ಪ್ಯಾಕೇಜಿಗೆ ಒಬ್ಬ ಏಜೆಂಟನ ಹತ್ತಿರ ₹8,000 ಅಡ್ವಾನ್ಸ್ ಕಟ್ಟಿದ್ದೆ. ಆಮೇಲೆ ಕುಂತು ಓದಿದರೆ ಮಧ್ಯಾಹ್ನ, ರಾತ್ರಿ ಊಟ ಅದರಲ್ಲಿ ಇಲ್ಲ, ತೆರಿಗೆ ಬೇರೆ, ಮುಂಬೈವರೆಗಿನ ಪ್ರಯಾಣ ನಮ್ಮದೇ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ₹8,000, ಅದೂ ಊಟ ಬಿಟ್ಟು. ಬೇಡ ಅಂದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಓದಬೇಕಿತ್ತು, ಓದಿರಲಿಲ್ಲ.

ನೋಟಿನ ಮೇಲಿನ ಸೊನ್ನೆ ನಂಬಬೇಡಿ

"ವಿಯೆಟ್ನಾಂಗೆ ಹೋದರೆ ನೀವು ಕೋಟ್ಯಧಿಪತಿ" ಅಂತಾನೂ ರೀಲ್ ಬರುತ್ತೆ. 2025ರಲ್ಲಿ ಒಂದು ರೂಪಾಯಿಗೆ ಸುಮಾರು 290ರಿಂದ 300 ಡಾಂಗ್ ಸಿಗ್ತಿತ್ತು ನಿಜ. ಆದರೆ ಒಂದು ಬಟ್ಟಲು ಫೋ, ಅಂದರೆ ಅವರ ಶಾವಿಗೆ ಸಾರು, 50 ಸಾವಿರ ಡಾಂಗ್ ಅಂದರೆ ಸುಮಾರು ₹170. ನೋಟಿನ ಮೇಲೆ ಎಷ್ಟು ಸೊನ್ನೆ ಇವೆ ಅನ್ನೋದು ಮುಖ್ಯ ಅಲ್ಲ, ಹೊಟ್ಟೆ ತುಂಬಾ ಊಟಕ್ಕೆ ಎಷ್ಟು ರೂಪಾಯಿ ಬೀಳುತ್ತೆ ಅನ್ನೋದು ಮುಖ್ಯ.

ಉಲ್ಟಾನೂ ಇದೆ. ಥಾಯ್ಲೆಂಡಿನ ಒಂದು ಬಾತ್‌ಗೆ ನಾವು ಎರಡೂವರೆ ರೂಪಾಯಿಗಿಂತ ಹೆಚ್ಚು ಕೊಡಬೇಕು. "ಬರೀ 100 ಬಾತ್" ಅಂದಾಗ ತಲೆಯಲ್ಲಿ ₹250 ದಾಟಿತು ಅಂತ ಬರಬೇಕು. ಇಂಗ್ಲಿಷ್ ವಿಡಿಯೊಗಳಲ್ಲಿ "ದಿನಕ್ಕೆ 30 ಡಾಲರ್, ಬಹಳ ಸೋವಿ" ಅಂತಾರೆ. ಡಾಲರ್‌ನಲ್ಲಿ ಪಗಾರ ತಗೊಳ್ಳೋರಿಗೆ ಅದು ಸೋವಿ. ನಮ್ಮ ಕಡೆ ಎಷ್ಟೋ ಮನೆಯ ವಾರದ ಸಂತೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತೆ.

ಹಂಗಾದರೆ ನಮಗೆ ಸೋವಿ ಯಾವುದು? ನೇಪಾಳ

ಕಾರಣ ಸರಳ. ಸ್ಥಿರ ವೆಚ್ಚ ಎಲ್ಲಕ್ಕಿಂತ ಕಡಿಮೆ ಇರೋದು ಅಲ್ಲೇ. ಭಾರತೀಯರಿಗೆ ವೀಸಾ ಬೇಡ. 1950ರ ಒಪ್ಪಂದದಿಂದ ಗಡಿ ತೆರೆದಿದೆ. ರೈಲಿನಲ್ಲಿ ಗಡಿ ಹತ್ತಿರ ಹೋಗಬಹುದು, ವಿಮಾನ ಬೇಕೇ ಬೇಕು ಅಂತಿಲ್ಲ. 1993ರಿಂದ 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಅನ್ನೋ ದರವೂ ಕಟ್ಟಿಟ್ಟ ಹಾಗಿದೆ, ದಿನಾ ದರ ನೋಡ್ತಾ ಕೂರಬೇಕಾಗಿಲ್ಲ.

ನಮ್ಮ ಅವ್ವನಿಗೆ 58 ವರ್ಷ. ಪಂಢರಪುರ ದಾಟಿ ಆ ಕಡೆ ಹೋದವಳಲ್ಲ. ಪಶುಪತಿನಾಥ ನೋಡಬೇಕು ಅನ್ನೋದು ಆಕೆಯ ಹಳೇ ಆಸೆ. ಮೊಣಕಾಲು ನೋವು ಶುರುವಾಗಿತ್ತು, ಇನ್ನೂ ಮುಂದಕ್ಕೆ ಹಾಕಿದರೆ ಆಗೋದಿಲ್ಲ ಅಂತ ನನಗೂ ಅನ್ನಿಸಿತು. ಅಪ್ಪಂದು ಒಂದೇ ತಕರಾರು: "ಆ ರೊಕ್ಕದಾಗ ಅರ್ಧ ಎಕರೆಕ್ಕ ಹೊಸಾ ಡ್ರಿಪ್ ಪೈಪ್ ಬರ್ತಾವು." ಅದೂ ಸುಳ್ಳಲ್ಲ. ಹಂಗಾಗಿ ₹30,000 ದಾಟೋದಿಲ್ಲ ಅಂತ ಮಾತು ಕೊಟ್ಟೆ.

ಏಪ್ರಿಲ್ ಚಾಟ್ನಿ ಮುಗಿಸಿ ಮೇ ತಿಂಗಳಲ್ಲಿ ಹೊರಟ್ವಿ. ವಿಜಯಪುರದವರೆಗೆ ಅವ್ವನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಅಲ್ಲಿಂದ ಸೋಲಾಪುರಕ್ಕೆ ಬಸ್ಸು, ಸೋಲಾಪುರದಿಂದ ಪುಣೆ, ಪುಣೆಯಿಂದ ಗೋರಖಪುರಕ್ಕೆ ಸ್ಲೀಪರ್ ರೈಲು. ಬೇಸಿಗೆಯಲ್ಲಿ ಆ ರೈಲು ತುಂಬಿ ತುಳುಕುತ್ತೆ. ರಿಸರ್ವೇಷನ್ ಈಗ 60 ದಿನ ಮೊದಲು ತೆರೆಯುತ್ತೆ, ತೆರೆದ ದಿನವೇ ಮಾಡಿಸಿ. ಗೋರಖಪುರದಿಂದ ಸೋನೌಲಿ ಗಡಿಗೆ ಬಸ್ಸು ಸಿಗುತ್ತೆ. ಗಡಿಯ ಕಮಾನು ನಡ್ಕೊಂಡೇ ದಾಟಿದ್ವಿ. ಅವ್ವ ಹಿಂದೆ ತಿರುಗಿ ನೋಡಿ, "ಇಷ್ಟ ಏನು ಫಾರಿನ್ನು?" ಅಂದಳು. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು ಅಂದಾಗ ಮಾತ್ರ ನಂಬಿಕೆ ಬಂತು.

ಒಂದು ರಾತ್ರಿ ಲುಂಬಿನಿ. ಬುದ್ಧ ಹುಟ್ಟಿದ ಜಾಗ. ನಮ್ಮ ಮಸ್ಕಿಯ ಬಂಡೆಯ ಮೇಲೆ ಯಾರ ಹೆಸರು ಸಿಕ್ಕಿತೋ ಅದೇ ಅಶೋಕ ನಿಲ್ಲಿಸಿದ ಕಂಬ ಅಲ್ಲಿದೆ. ಆಮೇಲೆ ಮೂರು ರಾತ್ರಿ ಪೋಖರಾ, ಐದು ರಾತ್ರಿ ಕಠ್ಮಂಡು. ಮನೆಯಿಂದ ಮನೆಗೆ 15 ದಿನ, ಅದರಲ್ಲಿ ನೇಪಾಳದ ಒಳಗೆ 10 ದಿನ.

ಲೆಕ್ಕದ ವಹಿಯಲ್ಲಿ ಬರೆದಿಟ್ಟಿದ್ದನ್ನೇ ಓದ್ತೀನಿ. ಇದು ಇಬ್ಬರದೂ ಸೇರಿದ ಖರ್ಚು:

ಗಡಿವರೆಗೆ ಹೋಗಿ ಬಂದದ್ದು, ದಾರಿ ಊಟ ಸೇರಿ: ₹6,800
ನೇಪಾಳದ ಒಳಗಿನ ಬಸ್ಸು: ₹3,800
ರೂಮು, 9 ರಾತ್ರಿ, ₹900ರಂತೆ: ₹8,100
ಊಟ, ಚಹಾ, 10 ದಿನ: ₹7,500
ದೋಣಿ, ಪ್ರವೇಶ ಟಿಕೆಟ್, ಪೂಜೆ, ಚಿಲ್ಲರೆ: ₹2,500
ಒಟ್ಟು: ₹28,700

ಒಬ್ಬರಿಗೆ ₹14,350. ಎಲ್ಲಾ ಸೇರಿಸಿ ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ ₹1,435. ಇದು ಅರ್ಧ ಲೆಕ್ಕ ಅಲ್ಲ, ಬಾಗಿಲಿಂದ ಬಾಗಿಲಿಗೆ ಹಾಕಿದ ಲೆಕ್ಕ. ಊಟ ಅಂದರೆ ದಾಲ್ ಭಾತ್: ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಬಹಳ ಕಡೆ ಅನ್ನ, ಬೇಳೆ ಮತ್ತೆ ಮತ್ತೆ ನೀಡ್ತಾರೆ. ಮೂರನೇ ದಿನಕ್ಕೆ ಅವ್ವ ಬುತ್ತಿಯಲ್ಲಿದ್ದ ಶೇಂಗಾ ಚಟ್ನಿ ತೆಗೆದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ, ಎರಡು ಹೊತ್ತಿನ ಖರ್ಚು ಉಳಿಯುತ್ತೆ.

ನಾನು ಮಾಡಿದ ತಪ್ಪೂ ಹೇಳಿಬಿಡ್ತೀನಿ. ಪೋಖರಾದಲ್ಲಿ ಟ್ಯಾಕ್ಸಿಯವರು "ಸಾವಿರ" ಅಂದರು, ನಾನು ಭಾರತದ ಸಾವಿರ ಕೊಟ್ಟೆ. ಅವರು ಕೇಳಿದ್ದು ನೇಪಾಳಿ ಸಾವಿರ, ಅಂದರೆ ನಮ್ಮ ₹625. ಗೊತ್ತಾಗೋ ಹೊತ್ತಿಗೆ ಗಾಡಿ ಹೋಗಿತ್ತು. ಅಲ್ಲಿ ಎಲ್ಲರೂ ಐಸಿ, ಎನ್‌ಸಿ ಅಂತಾರೆ. ಐಸಿ ಅಂದರೆ ಭಾರತದ ರೊಕ್ಕ, ಎನ್‌ಸಿ ಅಂದರೆ ನೇಪಾಳದ್ದು. ದರ ಕೇಳಿದ ಕೂಡಲೇ "ಐಸಿ ಕಿ ಎನ್‌ಸಿ?" ಅಂತ ಕೇಳಿ. ಇದೊಂದು ಪ್ರಶ್ನೆ ನನ್ನ ₹375 ಉಳಿಸ್ತಿತ್ತು.

ಕಠ್ಮಂಡುವಿನಲ್ಲಿ ಬೆಳಿಗ್ಗೆ ಪಶುಪತಿನಾಥ. ಅಲ್ಲಿ ಮೂಲ ಪೂಜೆ ಮಾಡೋ ಭಟ್ಟರು ಹಿಂದಿನಿಂದಲೂ ದಕ್ಷಿಣ ಭಾರತದವರು, ಅದರಲ್ಲೂ ಕರ್ನಾಟಕದವರು. 2009ರಲ್ಲಿ ಅಲ್ಲಿನ ಸರ್ಕಾರ ಈ ಪದ್ಧತಿ ಬದಲಿಸೋಕೆ ಹೋಗಿ ದೊಡ್ಡ ಗದ್ದಲ ಆಗಿತ್ತು. ಕೊನೆಗೆ ಅದೇ ವರ್ಷ ಮತ್ತೆ ಕರ್ನಾಟಕದ ಭಟ್ಟರನ್ನೇ ನೇಮಿಸಿದರು. ಸರದಿಯಲ್ಲಿ ನಿಂತಾಗ ಇದನ್ನು ಅವ್ವನಿಗೆ ಹೇಳಿದೆ. ಬಾಗಿಲಿನ ಹತ್ತಿರ ಹೋಗಿ ಕೈ ಮುಗಿದು ಹೊರಗೆ ಬಂದು ಕಟ್ಟೆ ಮೇಲೆ ಕುಂತಳು. ಸ್ವಲ್ಪ ಹೊತ್ತಾದ ಮೇಲೆ ಅಂದಳು: "ನಮ್ಮ ಕಡ್ಯಾವ್ರು ಇಷ್ಟ ದೂರ ಬಂದು ಪೂಜಿ ಮಾಡ್ತಾರ. ನಾನಽ ಸುಮ್ಮ ದೂರ ಐತಿ, ದೂರ ಐತಿ ಅಂತ ಕುಂತಿದ್ನಿ."

ಕಾಗದ ಪತ್ರ: ಇಲ್ಲೇ ಬಹಳ ಜನ ಸಿಕ್ಕಿಬೀಳೋದು

ನೇಪಾಳಕ್ಕೆ ವೀಸಾ ಬೇಡ ಅಂದರೆ ಗುರುತಿನ ಚೀಟಿ ಬೇಡ ಅಂತಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. ಆಧಾರ್ ನಡೆಯೋದು 15 ವರ್ಷದ ಒಳಗಿನವರಿಗೆ, 65 ದಾಟಿದವರಿಗೆ ಮಾತ್ರ. ನಮ್ಮ ಅವ್ವನ ಹತ್ತಿರ ಎಲ್ಲಾ ಕಡೆ ತೋರಿಸೋದು ಆಧಾರ್ ಒಂದೇ. ಮತದಾರರ ಚೀಟಿ ಟ್ರಂಕಿನ ತಳದಲ್ಲಿತ್ತು, ಹೆಸರಿನ ಸ್ಪೆಲಿಂಗ್ ಬೇರೆ. ಹೊರಡೋ ಎರಡು ತಿಂಗಳ ಮೊದಲೇ ತಿದ್ದುಪಡಿಗೆ ಅರ್ಜಿ ಹಾಕಿದ್ದಕ್ಕೆ ಬಚಾವಾದ್ವಿ. ನೀವೂ ಮೊದಲು ಟ್ರಂಕು ತೆಗೆದು ನೋಡಿ, ಆಮೇಲೆ ಟಿಕೆಟ್ ಮಾಡಿಸಿ.

ರೊಕ್ಕದ ವಿಷಯ. 2018ರ ಡಿಸೆಂಬರ್‌ನಲ್ಲಿ ನೇಪಾಳ ₹100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನಿಯಮ ಆಗಾಗ ಬದಲಾಗುತ್ತೆ, ನೂರರ ನೋಟು ಒಯ್ದರೆ ಯಾವ ಚಿಂತೆಯೂ ಇಲ್ಲ. 2024ರ ಮಾರ್ಚ್‌ನಿಂದ ಅಲ್ಲಿನ ಫೋನ್‌ಪೇ ಅನ್ನೋ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತೆ. ನಮ್ಮ ಫೋನ್‌ಪೇ ಕಂಪನಿಯೇ ಬೇರೆ, ಅದೇ ಬೇರೆ, ಹೆಸರು ಮಾತ್ರ ಒಂದೇ ತರ. ಆದರೆ ಇಂಟರ್‌ನೆಟ್ ಇಲ್ಲದಿದ್ದರೆ ಯುಪಿಐ ಇದ್ದೂ ಇಲ್ಲದ ಹಾಗೆ. ಸ್ಮಾರಕಗಳ ಕೌಂಟರ್‌ನಲ್ಲಿ ಸಾರ್ಕ್ ದೇಶದವರಿಗೆ ಬೇರೆ ದರ ಇರುತ್ತೆ, ಚೀಟಿ ತೋರಿಸಿ ಅದನ್ನೇ ಕೇಳಿ. ಜುಲೈ, ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗ್ತಾವೆ, ಆ ಎರಡು ತಿಂಗಳು ಬಿಟ್ಟುಬಿಡಿ.

ಬೇರೆ ದೇಶಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು. ದೊಡ್ಡವರಿಗೆ 36 ಪುಟದ್ದು ₹1,500, ಹತ್ತು ವರ್ಷ ನಡೆಯುತ್ತೆ. ಅಂದರೆ ವರ್ಷಕ್ಕೆ ₹150. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತೆ, ಅಂದರೆ ಕೆಲಸಕ್ಕೆ ಅಂತ ಕೆಲವು ದೇಶಗಳಿಗೆ ಹೋಗೋ ಮೊದಲು ಸರ್ಕಾರದ ಅನುಮತಿ ಬೇಕು. ಆ ಪಟ್ಟಿಯಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಎಲ್ಲಾ ಇವೆ. ಆದರೆ ಪ್ರವಾಸಕ್ಕೆ ಅದು ಅಡ್ಡಿ ಅಲ್ಲ. "ನೀವು ಓದಿಲ್ಲ, ಹೋಗೋಕೆ ಬರಲ್ಲ" ಅಂತ ಯಾರಾದರೂ ನಿಮ್ಮ ಅಪ್ಪ ಅವ್ವನಿಗೆ ಹೇಳಿದರೆ ನಂಬಬೇಡಿ.

ಉಳಿದ ದೇಶಗಳು, ಅದೇ ತಕ್ಕಡಿಯಲ್ಲಿ

ಭೂತಾನ್: ಹತ್ತಿರದ ದೇಶ, ವೀಸಾ ಬೇಡ, ಪರವಾನಗಿ ಸಾಕು. ಅವರ ಎನ್‌ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ಆದರೆ ಭಾರತದ ಪ್ರವಾಸಿಗರು ಒಂದು ರಾತ್ರಿಗೆ ₹1,200 ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇದು ಟಿಕೆಟ್ ತರ ಅಲ್ಲ, ಹೆಚ್ಚು ದಿನ ಇದ್ದಷ್ಟೂ ಏರುತ್ತೆ. ಊಟ, ರೂಮಿನ ಮೊದಲೇ ₹1,200 ಹೋಯಿತು. ಕಾಡು, ಗುಡ್ಡ ಕಾಪಾಡೋಕೆ ಅವರು ಹಾಕಿದ ಶುಲ್ಕ, ತಪ್ಪು ಅನ್ನೋದಿಲ್ಲ. ಆದರೆ ಸಣ್ಣ ಬಜೆಟ್ಟಿಗೆ ಮೂರು, ನಾಲ್ಕು ರಾತ್ರಿ ಸಾಕು.

ಶ್ರೀಲಂಕಾ: ಚೆನ್ನೈನಿಂದ ವಿಮಾನದ ಹಾರಾಟ ಸಣ್ಣದು. ನಾಗಪಟ್ಟಣಂನಿಂದ ಜಾಫ್ನಾ ಹತ್ತಿರದ ಕಾಂಕೇಸಂತುರೈಗೆ 2023ರಲ್ಲಿ ಹಡಗು ಶುರುವಾಗಿ, ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ಒಳಗೆ ರೈಲು, ಬಸ್ಸು ಸೋವಿ. 2024ರ ಫೆಬ್ರವರಿಯಿಂದ ಯುಪಿಐ ಕೂಡ ಇದೆ. ನಮಗೆ ಚೆನ್ನೈ ಮುಟ್ಟೋದೇ ಒಂದು ಪ್ರಯಾಣ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಿಯೆಟ್ನಾಂ: ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡ್ತಾರೆ. ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಿ. ದಿನದ ಖರ್ಚು ಕಡಿಮೆ, ಟಿಕೆಟ್ ಹೆಚ್ಚು. ಅದಕ್ಕೇ ಹತ್ತು ದಿನಕ್ಕಿಂತ ಕಡಿಮೆ ರಜೆಗೆ ಹೋಗಬೇಡಿ.

ಥಾಯ್ಲೆಂಡ್: 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಮನ್ನಾ ಶುರುವಾಯಿತು. ನಿಯಮ, ದಿನಗಳ ಮಿತಿ ಬದಲಾಗ್ತಾ ಇರುತ್ತೆ, ಟಿಕೆಟ್ ಮಾಡಿಸೋ ದಿನ ಮತ್ತೆ ನೋಡಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದು ಪುಕ್ಕಟೆ. ರೊಕ್ಕ ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ. ಎಟಿಎಂನಲ್ಲಿ ನಮ್ಮ ಕಾರ್ಡ್ ಹಾಕಿದರೆ ಪ್ರತಿ ಸಲ ಅಲ್ಲಿನ ಬ್ಯಾಂಕು 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕಡಿತ ಮಾಡುತ್ತೆ. ಸ್ವಲ್ಪ ಸ್ವಲ್ಪ ತೆಗೆದರೆ ಒಂದು ದಿನದ ಊಟ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಮಾತು. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಬ್ಯಾಂಕಾಕಿಗೆ ಯಾರಾದರೂ ಪುಕ್ಕಟೆ ಟಿಕೆಟ್ ಕೊಟ್ಟು, "ಟೂರಿಸ್ಟ್ ಆಗಿ ಬಾ, ಡೇಟಾ ಎಂಟ್ರಿ ಕೆಲಸ ಕೊಡಸ್ತೀನಿ" ಅಂದರೆ ಹೋಗಬೇಡಿ. ಹಿಂಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಎರಡು ದಿನದಲ್ಲಿ 549 ಜನರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ಕರ್ಕೊಂಡು ಬಂತು. ಎಲ್ಲಕ್ಕಿಂತ ತುಟ್ಟಿ ಟಿಕೆಟ್ ಅಂದರೆ ಇಂಥ ಪುಕ್ಕಟೆ ಟಿಕೆಟ್.

ಗೊತ್ತಿಲ್ಲದೆ ಹೋಗೋ ರೊಕ್ಕ

ಕಾರ್ಡ್ ಬಳಸಿದರೆ ಬಹಳ ಬ್ಯಾಂಕುಗಳು 2ರಿಂದ 3.5 ಪರ್ಸೆಂಟ್ ವಿದೇಶಿ ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕ್ತಾವೆ. ಅಲ್ಲಿನ ಮಷಿನ್ "ರೂಪಾಯಿಯಲ್ಲಿ ಕಟ್ಟಬೇಕೋ, ಸ್ಥಳೀಯ ರೊಕ್ಕದಲ್ಲೋ?" ಅಂತ ಕೇಳಿದರೆ ಸ್ಥಳೀಯದ್ದೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ವಿದೇಶಿ ಟೂರ್ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಹಿಡೀತಾರೆ. ಅದು ಕಳ್ಕೊಂಡ ರೊಕ್ಕ ಅಲ್ಲ, ರಿಟರ್ನ್ ಫೈಲ್ ಮಾಡಿದರೆ ನಿಮ್ಮ ತೆರಿಗೆಗೆ ಹೊಂದಿಕೆ ಆಗುತ್ತೆ ಅಥವಾ ವಾಪಸ್ ಬರುತ್ತೆ. ಫೈಲ್ ಮಾಡದಿದ್ದರೆ ಮಾತ್ರ ಹೋಯಿತು. ಪ್ರಯಾಣ ವಿಮೆ ಬಿಡಬೇಡಿ. ಪರದೇಶದಲ್ಲಿ ಒಂದು ದಿನ ಆಸ್ಪತ್ರೆ ಸೇರಿದರೂ ಈ ಲೆಕ್ಕ ಎಲ್ಲಾ ತಲೆಕೆಳಗು.

ಈಗ ಬಬಲೇಶ್ವರದ ತಮ್ಮನಿಗೆ ಉತ್ತರ. ನಿನ್ನ ಹತ್ತಿರ ₹40,000 ಇದೆ. ಗೆಳೆಯರ ಕೂಡ ಐದು ದಿನ ಹೋದರೆ ಎಲ್ಲಾ ಮುಗಿಯುತ್ತೆ, ಸಾಲದೇ ಹೋಗಬಹುದು. ನಾವು ಹಿಡಿದ ಲೆಕ್ಕದಲ್ಲಿ ವಿಯೆಟ್ನಾಂಗೆ ಒಬ್ಬನೇ ಹತ್ತು ದಿನ ಹೋದರೆ ₹39,000, ಜೇಬಿನಲ್ಲಿ ಒಂದು ಸಾವಿರ ಉಳಿಯುತ್ತೆ. ಒಂದು ಜ್ವರ ಬಂದರೂ ಕಷ್ಟ. ನೇಪಾಳಕ್ಕೆ ಹೋದರೆ ನೀನು ಮತ್ತೆ ಮನೆಯವರಲ್ಲಿ ಒಬ್ಬರು, ಹತ್ತು ದಿನ ಇದ್ದು ಬಂದರೂ ₹11,000 ಉಳಿಯುತ್ತೆ. ಅದರಲ್ಲಿ ₹1,500 ಕೊಟ್ಟು ಪಾಸ್‌ಪೋರ್ಟ್ ಮಾಡಿಸಿಡು. ಮುಂದಿನ ಸಲ ಗೆಳೆಯರು ಕರೆದಾಗ ಹತ್ತು ದಿನದ ರಜೆ ಹಿಡಿದು ಹೋಗು.

ಹೋಗೋದು ನಿನ್ನಿಷ್ಟ, ರೊಕ್ಕ ನಿಂದು. ಆದರೆ ಹಾಳೆ ಮೇಲೆ ಬರೆದು, ದಿನಗಳಿಂದ ಭಾಗಿಸಿ, ಆಮೇಲೆ ಟಿಕೆಟ್ ಮಾಡಿಸು.

ನಮ್ಮ ಅಪ್ಪ ಲೆಕ್ಕದ ವಹಿ ಇಸ್ಕೊಂಡು ಪೂರ್ತಿ ಓದಿದರು. ₹1,300 ಉಳಿಸಿ ತಂದಿದ್ದೆ, ಅದನ್ನೂ ಎಣಿಸಿ ಒಳಗಿಟ್ಟರು. ಒಂದು ವಾರ ಡ್ರಿಪ್ ಪೈಪಿನ ಮಾತೇ ಆಡಲಿಲ್ಲ. ಆಮೇಲೆ ಒಂದು ರಾತ್ರಿ ಊಟಕ್ಕೆ ಕುಂತಾಗ ಕೇಳಿದರು: "ಆ ಲುಂಬಿನಿ ಅಂದ್ಯಲ್ಲ, ಗೋರಖಪುರದಿಂದ ಎಷ್ಟ ತಾಸು?"

ಮುಂದಿನ ವಾರ ಸಿಗೋಣ. ನಿಮ್ಮ ಲೆಕ್ಕ ಕಳಿಸಿ, ತಪ್ಪಿದ್ದರೆ ಇಬ್ಬರೂ ಕೂಡಿ ತಿದ್ದೋಣ. ಶರಣು.